ಕಾಯ್ದೆಯ ಕಣ್ಣು ಯಾರ ಕೇರಿಯ ಮೇಲೆ?

ಕನ್ನಡದ ವಿಮರ್ಶಕರು ಕಥೆ ಓದುತ್ತಾರೆ, ಕಾವ್ಯ ಓದುತ್ತಾರೆ, ಒಂದು ಪ್ರತಿಮೆ ಹಿಡಿದು ಹತ್ತು ಪುಟ ಬರೆಯುತ್ತಾರೆ. ಕಾಯ್ದೆಯನ್ನು ಮಾತ್ರ ಓದುವುದಿಲ್ಲ. ಅದು ವಕೀಲರ ಪಾಡು ಅಂತ ಬಿಟ್ಟಿದ್ದಾರೆ. ಆದರೆ ಈ ದೇಶದ ಬಡವನ ಬದುಕನ್ನು ಕಾಯ್ದೆಯಷ್ಟು ತಿದ್ದಿದ, ಕಾಯ್ದೆಯಷ್ಟು ಕೆಡಿಸಿದ ಮಹಾಕಾವ್ಯ ಯಾವುದಿದೆ? ಕಾವ್ಯದಲ್ಲಿ ಒಂದು ಪದ ಸಡಿಲವಾದರೆ ಪದ್ಯ ಕೆಡುತ್ತದೆ. ಕಾಯ್ದೆಯಲ್ಲಿ ಒಂದು ಪದ ಸಡಿಲವಾದರೆ ಮನುಷ್ಯ ಜೈಲಿಗೆ ಹೋಗುತ್ತಾನೆ. ಅದಕ್ಕೇ ಕವಿತೆ ಬರೆಯುವ ನಾನು ಇಲ್ಲಿ ಕಾಯ್ದೆಯನ್ನೇ ಪಠ್ಯವಾಗಿ ಇಟ್ಟುಕೊಂಡು ಕೂತಿದ್ದೇನೆ. ಸರ್ಕಾರದಿಂದ ಬಂದ ಕಾಗದವನ್ನು ಇನ್ನೊಬ್ಬರ ಕೈಲಿ ಓದಿಸದೆ ತಾನೇ ಓದಿದವರಲ್ಲಿ ನಮ್ಮ ಮನೆಗೆ ನಾನೇ ಮೊದಲಿಗ. ಓದೋಕೆ ಬಂದ ಮೇಲೆ ಓದದೆ ಕೂರುವ ಹಕ್ಕು ನಮಗಿಲ್ಲ.

ಭಯೋತ್ಪಾದನೆ ಹತ್ತಿಕ್ಕುವ ಹೆಸರಿನಲ್ಲಿ ಬಂದ ಮಸೂದೆಗಳನ್ನೆಲ್ಲ ಸಾಲಾಗಿಟ್ಟು ಓದಿದರೆ ಮೂರು ಸಂಗತಿ ಎದ್ದು ಕಾಣುತ್ತವೆ. ಅಪರಾಧ ಯಾವುದು ಎಂದು ಹೇಳುವ ಮಾತು ಸಡಿಲವಾಗುತ್ತ ಹೋಗುತ್ತದೆ. ಪೊಲೀಸರ ಕಣ್ಣು ಕಿವಿ ಉದ್ದವಾಗುತ್ತ ಹೋಗುತ್ತವೆ. ಕೋರ್ಟಿನ ಬಾಗಿಲು ಮುಚ್ಚಿಕೊಳ್ಳುತ್ತ ಹೋಗುತ್ತದೆ. ಮಂಡಿಸುವ ಮಂತ್ರಿ ಯಾವ ಪಕ್ಷದವನಾದರೂ ಆಡುವ ಮಾತು ಒಂದೇ: ಇದು ದೇಶದ್ರೋಹಿಗಳಿಗೆ ಮಾತ್ರ, ಪ್ರಾಮಾಣಿಕರು ಹೆದರಬೇಕಾಗಿಲ್ಲ.

ನನ್ನ ವಾದ ಇಷ್ಟೆ. ಈ ಕಣ್ಣು ಹೊಸದಲ್ಲ. ಯಾರನ್ನು ನೋಡಬೇಕು ಎನ್ನುವುದನ್ನು ಅದು ನೂರೈವತ್ತು ವರ್ಷದ ಹಿಂದೆಯೇ ಜಾತಿ ಹಿಡಿದು ಕಲಿತಿದೆ. ಆ ಪಾಠವನ್ನು ಮರೆಸದೆ ಅದಕ್ಕೆ ಹೊಸ ಕನ್ನಡಕ ಕೊಡಿಸುವ ಯಾವ ಮಸೂದೆಯನ್ನೂ ನಾವು ಒಪ್ಪಬಾರದು.

1. ಹಳೆಯ ರಿಜಿಸ್ಟರು

1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ತಂದರು. ಒಂದು ಬುಡಕಟ್ಟೋ ಗುಂಪೋ ಅಪರಾಧದ ಚಟಕ್ಕೆ ಬಿದ್ದಿದೆ ಎಂದು ನಂಬಲು ಸರ್ಕಾರಕ್ಕೆ ಕಾರಣ ಇದ್ದರೆ ಸಾಕು, ಆ ಇಡೀ ಜನವನ್ನೇ ಅಪರಾಧಿ ಎಂದು ಸಾರಬಹುದಾಗಿತ್ತು. ಸಾರಿದ್ದನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಹಾಗಿರಲಿಲ್ಲ. ಹೆಸರು ರಿಜಿಸ್ಟರಿಗೆ ಹೋಗುತ್ತಿತ್ತು. ಹಾಜರಿ ಕೊಡಬೇಕಿತ್ತು. ಊರು ಬಿಟ್ಟು ಹೋಗಲು ಪಾಸು ಬೇಕಿತ್ತು. 1911ರ ಕಾಯ್ದೆ ಇದನ್ನು ಇಡೀ ಬ್ರಿಟಿಷ್ ಇಂಡಿಯಾಕ್ಕೆ ಹಬ್ಬಿಸಿತು, ಬೆರಳಚ್ಚನ್ನೂ ಸೇರಿಸಿತು.

ಇದರ ಹಿಂದಿನ ತರ್ಕ ನೋಡಿ. ಈ ದೇಶದಲ್ಲಿ ನೇಕಾರನ ಮಗ ನೇಕಾರ, ಬಡಗಿಯ ಮಗ ಬಡಗಿ, ಹಾಗೇ ಕಳ್ಳನ ಮಗ ಕಳ್ಳ. ಬಿಳಿಯ ದೊರೆಗೆ ಈ ಬುದ್ಧಿ ಇಂಗ್ಲೆಂಡಿನಿಂದ ಬರಲಿಲ್ಲ. ಮನುವಿನ ಮಾತನ್ನೇ ಅವನು ತನ್ನ ಗೆಜೆಟ್ಟಿನಲ್ಲಿ ಅಚ್ಚು ಹಾಕಿಸಿದ. ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಸೆಟ್ಲಮೆಂಟು ಕಟ್ಟಿ ಗಂಟಿಚೋರ, ಹರಣಶಿಕಾರಿ, ಕೊರಮ ಮುಂತಾದ ಜನರನ್ನು ಬೇಲಿಯೊಳಗೆ ಕೂಡಿದರು. ಅಲ್ಲಿಂದಲೇ ಗಿರಣಿ ಕೂಲಿಗೆ ಕಳಿಸಿದರು. ಹುಬ್ಬಳ್ಳಿಯ ಆ ಜಾಗದ ಹೆಸರು ಇವತ್ತಿಗೂ ಸೆಟ್ಲಮೆಂಟೇ. ಗಂಟಿಚೋರ ಎಂಬ ಹೆಸರನ್ನೇ ಒಮ್ಮೆ ಬಾಯಿಬಿಟ್ಟು ಹೇಳಿನೋಡಿ. ಮಗು ಹುಟ್ಟುವ ಮೊದಲೇ ಅದರ ಮೇಲಿನ ಆರೋಪ ಸಿದ್ಧವಾಗಿದೆ.

ಇದು ದೊರೆಗಳು ಮಾಡಿದ್ದು ಮಾತ್ರ ಎಂದು ಕೈ ತೊಳೆದುಕೊಳ್ಳುವವರು ನಮ್ಮ ಹಳ್ಳಿಗಳನ್ನು ನೋಡಲಿ. ರಾತ್ರಿ ಊರು ಕಾಯುವವನು ತಳವಾರ, ಊರ ಚಾಕರಿ ಮಾಡುವವನು ತೋಟಿ. ಕಾಯುವ ಕೆಲಸ ಕೇರಿಯವನದು. ಊರಲ್ಲಿ ಒಂದು ಕೋಳಿ ಕಾಣೆಯಾದರೆ ಮೊದಲು ಹುಡುಕುವುದೂ ಕೇರಿಯಲ್ಲೇ! ಕಾವಲುಗಾರನನ್ನೇ ಕಳ್ಳ ಅನ್ನುವ ಈ ಜಾಣತನದ ಮೇಲೆ ನಮ್ಮ ಪೊಲೀಸು ವ್ಯವಸ್ಥೆ ನಿಂತಿದೆ.

1952ರ ಆಗಸ್ಟ್ 31ರಂದು ಆ ಕಾಯ್ದೆ ರದ್ದಾಯಿತು. ಆದರೆ ರಿಜಿಸ್ಟರು ಸುಡಲಿಲ್ಲ. ಜಾತಿಯ ಹೆಸರಿದ್ದ ಕಡೆ ರೂಢಿಗತ ಅಪರಾಧಿ ಎಂದು ಬರೆದು ರಾಜ್ಯ ರಾಜ್ಯಗಳೂ ಹೊಸ ಕಾಯ್ದೆ ಮಾಡಿದವು. ನಮ್ಮ ರಾಜ್ಯದ್ದು 1961ರಲ್ಲಿ ಬಂತು. ಜೈಲು ಕೈಪಿಡಿಗಳು ಈ ಜನರನ್ನು ಹುಟ್ಟು ಕಳ್ಳರಂತೆ ನೋಡುವುದು ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2024ರ ಅಕ್ಟೋಬರ್ 3ರಂದು. ಮಧ್ಯೆ ಎಪ್ಪತ್ತೆರಡು ವರ್ಷ!

ಖರಕ್ ಸಿಂಗ್ ಮೊಕದ್ದಮೆಯನ್ನು ನಮ್ಮ ಹುಡುಗರು ಓದಬೇಕು. ಉತ್ತರ ಪ್ರದೇಶದ ಈ ಮನುಷ್ಯನನ್ನು 1941ರಲ್ಲಿ ಒಂದು ಡಕಾಯಿತಿ ಪ್ರಕರಣದಲ್ಲಿ ಹಿಡಿದು ಸಾಕ್ಷ್ಯವಿಲ್ಲದೆ ಬಿಟ್ಟರು. ಬಿಟ್ಟರೂ ಹಿಸ್ಟರಿ ಶೀಟು ತೆರೆದರು. ರಾತ್ರಿ ಹೊತ್ತು ಪೊಲೀಸರು ಬಂದು ಬಾಗಿಲು ಬಡಿದು ಎಬ್ಬಿಸೋರು. 1962ರಲ್ಲಿ ಸುಪ್ರೀಂ ಕೋರ್ಟು ಈ ರಾತ್ರಿ ಭೇಟಿಯೊಂದನ್ನು ತಪ್ಪು ಎಂದಿತು. ಮನೆಯ ಮೇಲೆ ಗುಪ್ತ ಕಾವಲು, ಹೋದಲ್ಲಿ ಬಂದಲ್ಲಿ ಹಿಂಬಾಲಿಸುವುದು, ಇವನ್ನೆಲ್ಲ ಬಹುಮತದ ತೀರ್ಪು ಉಳಿಸಿತು. ನ್ಯಾಯಮೂರ್ತಿಗಳಾದ ಸುಬ್ಬರಾವ್ ಮತ್ತು ಷಾ ಮಾತ್ರ ಒಪ್ಪಲಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಲು 2017ರ ಆಗಸ್ಟ್ 24 ಬರಬೇಕಾಯಿತು. ಆ ಹೋರಾಟದ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದಾದ ಮೇಲೂ, 2024ರ ಮೇ ತಿಂಗಳಲ್ಲಿ, ಹಿಂದುಳಿದ, ಪರಿಶಿಷ್ಟ ಸಮುದಾಯಗಳ ಅಮಾಯಕರ ಹೆಸರಲ್ಲಿ ಯಾಂತ್ರಿಕವಾಗಿ ಹಿಸ್ಟರಿ ಶೀಟು ತೆರೆಯುತ್ತಿರುವುದನ್ನು ಅದೇ ಕೋರ್ಟು ತಾನಾಗಿಯೇ ಗಮನಕ್ಕೆ ತಂದುಕೊಳ್ಳಬೇಕಾಯಿತು.

2. ಈಗಿನ ಪಠ್ಯ

ಈಗ ಯು.ಎ.ಪಿ.ಎ. ಅಂದರೆ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯನ್ನು ತೆಗೆದುಕೊಳ್ಳೋಣ. 1967ರಲ್ಲಿ ಹುಟ್ಟಿದಾಗ ಇದು ಕೆಲವು ಸಂಘಗಳನ್ನು ನಿಷೇಧಿಸುವ ಕಾಯ್ದೆ. 1995ರಲ್ಲಿ ಟಾಡಾ ಸತ್ತಿತು. 2002ರ ಪೋಟಾ 2004ರಲ್ಲಿ ಸತ್ತಿತು. ಸತ್ತ ಪೋಟಾದ ಆತ್ಮ ಅದೇ ವರ್ಷ ಇದರ ಮೈ ಹೊಕ್ಕಿತು. 2008ರ ಮುಂಬೈ ದಾಳಿಯ ನಂತರ ಜಾಮೀನು ಕಷ್ಟವಾಯಿತು, ಆರೋಪಪಟ್ಟಿಯಿಲ್ಲದೆ ಒಳಗಿಡುವ ಅವಧಿ 180 ದಿನದವರೆಗೆ ಬೆಳೆಯಿತು. 2019ರಲ್ಲಿ ಸಂಘವಷ್ಟೇ ಅಲ್ಲ, ಒಬ್ಬ ವ್ಯಕ್ತಿಯನ್ನೂ ವಿಚಾರಣೆಯಿಲ್ಲದೆ ಭಯೋತ್ಪಾದಕ ಎಂದು ಸರ್ಕಾರ ಸಾರಬಹುದು ಎಂದಾಯಿತು. ಸಾರುವುದು ಎಂಬ ಈ ಕ್ರಿಯಾಪದ 1871ರದ್ದೇ ಅಲ್ಲವೇ? ಅಲ್ಲಿ ಬುಡಕಟ್ಟು, ಇಲ್ಲಿ ವ್ಯಕ್ತಿ.

ಹದಿನೈದನೇ ಕಲಮು ಭಯೋತ್ಪಾದಕ ಕೃತ್ಯ ಯಾವುದೆಂದು ಹೇಳುತ್ತದೆ. ಬಾಂಬು, ಡೈನಮೈಟು, ಬಂದೂಕು ಎಂದೆಲ್ಲ ಪಟ್ಟಿ ಕೊಟ್ಟು ಕೊನೆಗೆ ಬೇರೆ ಯಾವುದೇ ಬಗೆಯ ಸಾಧನದಿಂದ ಎಂದು ಸೇರಿಸುತ್ತದೆ. ದೇಶಕ್ಕೆ ಬೆದರಿಕೆ ಒಡ್ಡುವ ಉದ್ದೇಶ ಇರಬೇಕು, ಇಲ್ಲವೇ ಬೆದರಿಕೆಯಾಗುವ ಸಂಭವ ಇರಬೇಕು. ಉದ್ದೇಶವನ್ನು ಸಾಬೀತು ಮಾಡಬೇಕಾಗುತ್ತದೆ. ಸಂಭವವನ್ನು ಕಲ್ಪಿಸಿಕೊಂಡರೆ ಆಯಿತು. ಕಲ್ಪನೆ ಕವಿಯ ಕೈಲಿದ್ದರೆ ಪದ್ಯ, ಪೊಲೀಸಿನವನ ಕೈಲಿದ್ದರೆ ಎಫ್.ಐ.ಆರ್. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 113ನೇ ಕಲಮು ಇದೇ ಅಪರಾಧವನ್ನು ಸಾಧಾರಣ ದಂಡಸಂಹಿತೆಯೊಳಗೂ ತಂದಿದೆ. ಯಾವ ಕಾಯ್ದೆಯಲ್ಲಿ ಕೇಸು ಹಾಕಬೇಕು ಎಂದು ತೀರ್ಮಾನಿಸುವವನು ಎಸ್.ಪಿ. ದರ್ಜೆಯ ಅಧಿಕಾರಿ.

ಕಿವಿಯ ವಿಷಯಕ್ಕೆ ಬರೋಣ. ಟೆಲಿಫೋನು ಕದ್ದು ಕೇಳುವ ಅಧಿಕಾರ 1885ರ ತಂತಿ ಕಾಯ್ದೆಯಿಂದ ಬಂದದ್ದು. 1996ರಲ್ಲಿ ಸುಪ್ರೀಂ ಕೋರ್ಟು ಕೆಲವು ನಿಯಮ ಹಾಕಿತು. ಆದರೆ ಅಪ್ಪಣೆ ಕೊಡುವವನು ಗೃಹ ಕಾರ್ಯದರ್ಶಿ, ಅಪ್ಪಣೆ ಸರಿಯೋ ತಪ್ಪೋ ಎಂದು ನೋಡುವ ಸಮಿತಿಯಲ್ಲಿ ಕೂರುವವರೂ ಸರ್ಕಾರದ ಕಾರ್ಯದರ್ಶಿಗಳೇ. ನ್ಯಾಯಾಧೀಶ ಎಲ್ಲೂ ಇಲ್ಲ. ಕೇಳಿಸಿಕೊಂಡವನಿಗೆ ಯಾವತ್ತೂ ತಿಳಿಸುವುದಿಲ್ಲ. ಬೇಲಿ ಹೊಲ ಮೇಯ್ದಿದೆಯೇ ಎಂದು ಬೇಲಿಯನ್ನೇ ಕೇಳುವ ವ್ಯವಸ್ಥೆ ಇದು. 2018ರ ಡಿಸೆಂಬರ್ 20ರಂದು ಒಂದೇ ಆದೇಶದಲ್ಲಿ ಹತ್ತು ಸಂಸ್ಥೆಗಳಿಗೆ ನಮ್ಮ ಕಂಪ್ಯೂಟರುಗಳೊಳಗೆ ಇಣುಕುವ ಅಧಿಕಾರ ಸಿಕ್ಕಿತು. 2023ರ ದೂರಸಂಪರ್ಕ ಕಾಯ್ದೆ ಹಳೆಯ ತಂತಿ ಕಾಯ್ದೆಯನ್ನು ತೆಗೆದು ಆ ಅಧಿಕಾರವನ್ನು ಹೊಸ ಭಾಷೆಯಲ್ಲಿ ಉಳಿಸಿಕೊಂಡಿತು. ಕದ್ದು ಕೇಳಿದ್ದನ್ನು ಯು.ಎ.ಪಿ.ಎ. ಮೊಕದ್ದಮೆಯಲ್ಲಿ ಸಾಕ್ಷ್ಯವಾಗಿ ಒಪ್ಪಲು ಆ ಕಾಯ್ದೆಯಲ್ಲೇ ಕಲಮಿದೆ.

ಇನ್ನು ಮೈಯ ವಿಷಯ. 2022ರ ದಂಡ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆ ಬೆರಳಚ್ಚಿಗೆ ನಿಲ್ಲುವುದಿಲ್ಲ. ಅಂಗೈ, ಅಂಗಾಲು, ಕಣ್ಣಪಾಪೆ, ರಕ್ತ, ಸಹಿ, ಕೈಬರಹ, ಎಲ್ಲವೂ ಸೇರುತ್ತವೆ. ದಾಖಲೆ 75 ವರ್ಷ ಇರುತ್ತದೆ. ಖುಲಾಸೆಯಾದವನದನ್ನು ಅಳಿಸಬೇಕು ಎಂದಿದೆ, ಕೋರ್ಟು ಬೇರೆ ಹೇಳದಿದ್ದರೆ. ಆದರೆ ಖುಲಾಸೆಯಾಗುವುದು ಯಾವಾಗ? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ಲೆಕ್ಕದಲ್ಲಿ ಜೈಲಿನ ಪ್ರತಿ ನಾಲ್ವರಲ್ಲಿ ಮೂವರು ಇನ್ನೂ ವಿಚಾರಣಾಧೀನರು.

ಈ ಅಧಿಕಾರದಿಂದ ಬಂದ ಫಲವೇನು? 2016ರಿಂದ 2020ರವರೆಗೆ ಯು.ಎ.ಪಿ.ಎ. ಅಡಿ ಆರೋಪಿಗಳಾದವರು 24,134. ಶಿಕ್ಷೆಯಾದವರು 212. ಖುಲಾಸೆಯಾದವರು 386. ಇದು ಸರ್ಕಾರವೇ ಸಂಸತ್ತಿಗೆ ಕೊಟ್ಟ ಲೆಕ್ಕ. ಉಳಿದವರ ಪಾಲಿಗೆ ಕಾಯುವುದೇ ಶಿಕ್ಷೆ.

3. ನಮ್ಮ ಕಾಡಂಚಿನಲ್ಲಿ ನಡೆದದ್ದು

ಇದೆಲ್ಲ ಕಾಶ್ಮೀರದ್ದು, ಪಂಜಾಬಿನದ್ದು ಎನ್ನುವವರಿಗೆ ನಾನು ಮಲೆ ಮಹದೇಶ್ವರ ಬೆಟ್ಟದ ಕಡೆ ಕೈ ತೋರಿಸುತ್ತೇನೆ. ಟಾಡಾ ಹುಟ್ಟಿದ್ದು ಪಂಜಾಬನ್ನು ತೋರಿಸಿ. ಬಿದ್ದದ್ದು ಸೋಲಿಗರ ಪೋಡುಗಳ ಮೇಲೆ, ಕೊಳ್ಳೇಗಾಲದ ಕಾಡಂಚಿನ ಕೂಲಿಗಳ ಮೇಲೆ. ವೀರಪ್ಪನ್ ಕೊಲೆಗಡುಕ, ಅದರಲ್ಲಿ ಅನುಮಾನವಿಲ್ಲ. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ನೆಲಬಾಂಬಿಗೆ 22 ಜನ ಸತ್ತರು. ಅವನನ್ನು ಹಿಡಿಯಬೇಕಾಗಿತ್ತು. ಆದರೆ ಅವನು ಸಿಕ್ಕಲಿಲ್ಲ, ಅವನಿಗೆ ರಾಗಿ ಕೊಟ್ಟಿರಬಹುದು, ಅವನನ್ನು ನೋಡಿರಬಹುದು ಎಂಬ ಅನುಮಾನಕ್ಕೆ ಜನ ಸಿಕ್ಕರು. ನೂರಕ್ಕೂ ಹೆಚ್ಚು ಜನ ಟಾಡಾ ಹೆಸರಲ್ಲಿ ವರ್ಷಗಟ್ಟಲೆ ಮೈಸೂರು ಜೈಲಿನಲ್ಲಿ ಕೊಳೆತರು. 2001ರಲ್ಲಿ ತೀರ್ಪು ಬಂದಾಗ ಅವರಲ್ಲಿ ಬಹುಪಾಲು ಜನ ಖುಲಾಸೆ.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ಮಾಡಿತು. ಬೆಟ್ಟದ ಶಿಬಿರದಲ್ಲಿ, ಜನ ವರ್ಕ್‌ಶಾಪು ಎಂದು ಕರೆಯುತ್ತಿದ್ದ ಜಾಗದಲ್ಲಿ, ಏನು ನಡೆಯಿತೆಂದು ಗಂಡಸರು ಹೆಂಗಸರು ಆ ಸಮಿತಿಯ ಮುಂದೆ ಹೇಳಿದರು. 2007ರಲ್ಲಿ 89 ಜನರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಿ ಎಂದು ಆಯೋಗ ಹೇಳಿತು. ಪರಿಹಾರ ಕೊಡಿ ಎಂದರೆ ಅನ್ಯಾಯ ಆಗಿದೆ ಎಂದೇ ಅರ್ಥ. ಆದರೆ ಆ ಅನ್ಯಾಯಕ್ಕೆ ದಾರಿ ಮಾಡಿದ ಮಸೂದೆಗೆ ಕೈ ಎತ್ತಿದವರು ಯಾರಾದರೂ ಬೆಟ್ಟ ಹತ್ತಿ ಬಂದು ಸೋಲಿಗರ ಮುಂದೆ ತಲೆ ತಗ್ಗಿಸಿದರೇ?

ಇನ್ನೊಂದು ಚಿತ್ರ ಪಕ್ಕದಲ್ಲಿಡಿ. 1988ರಲ್ಲಿ ರಾಜಕಾರಣಿಗಳ ಟೆಲಿಫೋನು ಕದ್ದು ಕೇಳಿದ ಆರೋಪ ಎದ್ದಾಗ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು. ದೊಡ್ಡವರ ಫೋನಿಗೆ ಕಿವಿ ಇಟ್ಟರೆ ಸರ್ಕಾರ ಅಲುಗುತ್ತದೆ. ಪೋಡಿನ ಮೇಲೆ, ಕೇರಿಯ ಮೇಲೆ ಕಣ್ಣಿಟ್ಟರೆ ಒಬ್ಬ ದಫೇದಾರನೂ ಅಲುಗುವುದಿಲ್ಲ.

4. ನೋಡುವ ಕಣ್ಣಿಗೆ ಕೈ ಬಂದಾಗ

ಮರಾಠಿಯಲ್ಲಿ ವಿದ್ರೋಹಿ ಎಂಬ ಸಣ್ಣ ಪತ್ರಿಕೆಯಿದೆ. ಸಂಪಾದಕ ದಲಿತ ಕವಿ ಸುಧೀರ್ ಧವಳೆ. ಅವರನ್ನು 2011ರಲ್ಲಿ ಇದೇ ಯು.ಎ.ಪಿ.ಎ. ಅಡಿ ಹಿಡಿದರು, 2014ರಲ್ಲಿ ಕೋರ್ಟು ಬಿಟ್ಟಿತು. 1818ರಲ್ಲಿ ಮಹಾರ್ ಸೈನಿಕರು ಪೇಶ್ವೆಯ ಸೈನ್ಯವನ್ನು ಎದುರಿಸಿದ ಭೀಮಾ ಕೋರೆಗಾಂವ್ ಕದನದ ಇನ್ನೂರನೇ ವರ್ಷಕ್ಕೆ, 2017ರ ಡಿಸೆಂಬರ್ 31ರಂದು, ಪುಣೆಯಲ್ಲಿ ಎಲ್ಗಾರ್ ಪರಿಷತ್ತು ನಡೆಯಿತು. ಮರುದಿನ ಕೋರೆಗಾಂವ್‌ಗೆ ಹೋದ ದಲಿತರ ಮೇಲೆ ಕಲ್ಲು ಬಿತ್ತು. 2018ರ ಜೂನ್‌ನಲ್ಲಿ ಧವಳೆಯವರನ್ನು ಮತ್ತೆ ಹಿಡಿದರು. ಜಾಮೀನು ಸಿಕ್ಕಿದ್ದು 2025ರ ಜನವರಿಯಲ್ಲಿ. ಅಷ್ಟು ಹೊತ್ತಿಗೂ ಕೋರ್ಟಿನಲ್ಲಿ ಆರೋಪವನ್ನೇ ಹೊರಿಸಿರಲಿಲ್ಲ. ಆನಂದ್ ತೇಲ್ತುಂಬ್ಡೆಯವರು ಜೈಲಿಗೆ ಹೋದದ್ದು 2020ರ ಏಪ್ರಿಲ್ 14ರಂದು, ಬಾಬಾಸಾಹೇಬರ ಜಯಂತಿಯ ದಿನ. ಹಿಂದೆ ಬೆಂಗಳೂರಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದ ಪಾದ್ರಿ ಸ್ಟ್ಯಾನ್ ಸ್ವಾಮಿ 84ನೇ ವಯಸ್ಸಿನಲ್ಲಿ, 2021ರ ಜುಲೈ 5ರಂದು, ಜಾಮೀನು ಸಿಗದೆಯೇ ತೀರಿಕೊಂಡರು.

ಈ ಮೊಕದ್ದಮೆಯ ಮುಖ್ಯ ಸಾಕ್ಷ್ಯ ಕಂಪ್ಯೂಟರಿನಲ್ಲಿ ಸಿಕ್ಕಿತೆಂಬ ಪತ್ರಗಳು. ಆರೋಪಿಗಳಲ್ಲೊಬ್ಬರಾದ ರೋನಾ ವಿಲ್ಸನ್ ಅವರ ವಕೀಲರ ಕೋರಿಕೆಯ ಮೇಲೆ ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ ಎಂಬ ಸಂಸ್ಥೆ ಅವರ ಕಂಪ್ಯೂಟರಿನ ಪ್ರತಿಯನ್ನು ಪರೀಕ್ಷಿಸಿತು. ಯಾರೋ ದೂರದಿಂದ ಒಳನುಗ್ಗಿ ಆ ಪತ್ರಗಳನ್ನು ಅದರಲ್ಲಿ ತಂದಿಟ್ಟಿದ್ದಾರೆ ಎಂದು 2021ರಲ್ಲಿ ವರದಿ ಕೊಟ್ಟಿತು. ತನಿಖಾ ಸಂಸ್ಥೆ ಇದನ್ನು ಒಪ್ಪಲಿಲ್ಲ. ತಂದಿಟ್ಟವರು ಯಾರೆಂದು ಆ ವರದಿಯೂ ಹೆಸರಿಸಲಿಲ್ಲ. ಅದೇ ವರ್ಷ ಪೆಗಾಸಸ್ ಸುದ್ದಿ ಬಂತು. ಸುಪ್ರೀಂ ಕೋರ್ಟಿನ ಸಮಿತಿ ನೋಡಿದ 29 ಫೋನುಗಳಲ್ಲಿ 5ರಲ್ಲಿ ಯಾವುದೋ ಕುತಂತ್ರಾಂಶ ಇತ್ತು, ಅದು ಪೆಗಾಸಸ್ಸೇ ಎಂದು ಖಚಿತವಾಗಲಿಲ್ಲ. ಸರ್ಕಾರ ಸಹಕರಿಸಲಿಲ್ಲ ಎಂದು 2022ರಲ್ಲಿ ಮುಖ್ಯ ನ್ಯಾಯಮೂರ್ತಿಗಳೇ ಹೇಳಿದರು.

ಹಳೆಯ ಪೊಲೀಸು ಜೇಬಿಗೆ ಗಾಂಜಾ ತುರುಕಿ ಕೇಸು ಹಾಕುತ್ತಿದ್ದ ಎಂಬ ಮಾತು ಕೇರಿಯಲ್ಲಿ ಯಾರಿಗೆ ಗೊತ್ತಿಲ್ಲ? ಒಳಗೆ ಇಣುಕಬಲ್ಲ ಯಂತ್ರ ಒಳಗೆ ಬರೆಯಲೂಬಲ್ಲದು. ನೋಡುವ ಅಧಿಕಾರ ಯಾರ ಲೆಕ್ಕಕ್ಕೂ ಸಿಗದಿದ್ದರೆ ಬರೆಯುವ ಕೈಯೂ ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

5. ಭಯ ಹುಟ್ಟಿಸಿದವರು ಯಾರು?

ಜನರಲ್ಲಿ ಅಥವಾ ಜನರ ಯಾವುದೇ ಒಂದು ವರ್ಗದಲ್ಲಿ ಭೀತಿ ಹುಟ್ಟಿಸುವುದು ಭಯೋತ್ಪಾದನೆ ಎಂದು ಕಾಯ್ದೆಯೇ ಹೇಳುತ್ತದೆ. ಸರಿ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. ಜನರ ಒಂದು ವರ್ಗದಲ್ಲಿ ಭೀತಿ ಹುಟ್ಟಿತೋ ಇಲ್ಲವೋ? ಸಾಕ್ಷಿಗಳು ಒಬ್ಬೊಬ್ಬರಾಗಿ ಮಾತು ತಿರುಗಿಸಿದರು. ಆ ಭಯ ಎಲ್ಲಿಂದ ಬಂತು? 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅವರನ್ನು ಭಯೋತ್ಪಾದಕರು ಎಂದು ಕರೆಯಲು ಯಾವ ಸರ್ಕಾರದ ನಾಲಿಗೆಯೂ ಹೊರಳಲಿಲ್ಲ.

ಹಾಗಾದರೆ ಈ ಕಾಯ್ದೆಯನ್ನು ಅವರ ಮೇಲೂ ಹಾಕಿ ಎಂದು ನಾನು ಕೇಳುತ್ತಿಲ್ಲ. ಕೊಲೆಗೆ ಕಾಯ್ದೆ ಇತ್ತು. 1989ರ ದೌರ್ಜನ್ಯ ತಡೆ ಕಾಯ್ದೆ ಇತ್ತು. ಕೊರತೆ ಬಿದ್ದದ್ದು ಮನಸ್ಸಿಗೆ. ಗೌರಿ ಲಂಕೇಶರ ಕೊಲೆಗಾರರ ಮೇಲೆ ಕೋಕಾ ಹಾಕಿದಾಗ ಬೇಡ ಅಂದಿರಾ ಎಂದು ನಮ್ಮ ಗೆಳೆಯರೇ ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. 2017ರ ಸೆಪ್ಟೆಂಬರ್ 5ರಂದು ಒಂದು ಕೊಲೆ ನಡೆಯಿತು. ಆ ಕೊಲೆಯ ಜಾಡು ಹಿಡಿದು ಪೊಲೀಸರು ಹೋದರು. ಅಪರಾಧದಿಂದ ಆರೋಪಿಯ ಕಡೆಗೆ ನಡೆಯುವುದು ತನಿಖೆ. ಮನುಷ್ಯನನ್ನು ಮೊದಲು ಆರಿಸಿಕೊಂಡು ಅವನಿಗೊಂದು ಅಪರಾಧ ಹುಡುಕುವುದು ಬೇಹುಗಾರಿಕೆ. ಮೊದಲನೆಯದಕ್ಕೆ ಶಕ್ತಿ ಕೊಡಿ, ಪ್ರಯೋಗಶಾಲೆ ಕೊಡಿ, ಸಾಕ್ಷಿಗಳಿಗೆ ರಕ್ಷಣೆ ಕೊಡಿ. ನಮ್ಮ ತಕರಾರು ಎರಡನೆಯದರ ಬಗ್ಗೆ. ಕೋಕಾದಂಥ ಕಾಯ್ದೆ ಇವತ್ತು ನಮಗೆ ಬೇಡದವರ ಮೇಲೆ ಬಿತ್ತು ಎಂದು ಅದು ನಮ್ಮದಾಗುವುದಿಲ್ಲ.

ಮುಚ್ಚಿಡೋದು ಏನೂ ಇಲ್ಲದವನಿಗೆ ಭಯವೇಕೆ ಎಂದು ಬುದ್ಧಿವಂತರು ಕೇಳುತ್ತಾರೆ. ಸ್ವಾಮೀ, ಬೆಂಗಳೂರಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ನೀವು ಯಾವ ಜನ ಎಂದು ಕೇಳಿಸಿಕೊಂಡಿದ್ದೀರಾ? ಜಾತಿ ಮೀರಿ ಮದುವೆಯಾಗುವ ಹುಡುಗ ಹುಡುಗಿಯ ಹೆಸರು ವಿಳಾಸವನ್ನು 1954ರ ವಿಶೇಷ ವಿವಾಹ ಕಾಯ್ದೆಯಂತೆ ಮೂವತ್ತು ದಿನ ನೋಟೀಸು ಬೋರ್ಡಿಗೆ ಹಾಕುತ್ತಾರೆ. ಅಣ್ಣ ತಮ್ಮಂದಿರು ಮಚ್ಚು ಹಿಡಿದು ಬರಲು ಅಷ್ಟು ಸಾಲದೇ? ಗುಟ್ಟು ಉಳ್ಳವರಿಗೆ ಶೋಕಿ ಇರಬಹುದು. ನಮಗೆ ಅದು ತಲೆಯ ಮೇಲಿನ ಸೂರು.

6. ಬರೆಯುವವರ ಕೆಲಸ

ಮುಂದಿನ ಮಸೂದೆ ಬಂದೇ ಬರುತ್ತದೆ. ಎಲ್ಲೋ ಒಂದು ಬಾಂಬು ಸಿಡಿದ ಮರುವಾರ, ಸತ್ತವರ ಹೆಸರು ಹೇಳಿಕೊಂಡು ಬರುತ್ತದೆ. ಸತ್ತವರಿಗೆ ನ್ಯಾಯ ಬೇಕು, ಅದರಲ್ಲಿ ನಮಗೆ ಎರಡು ಮಾತಿಲ್ಲ. ಆ ಗದ್ದಲದಲ್ಲಿ ನಾವು ಕೇಳಬೇಕಾದ್ದು ಐದೇ ಮಾತು. ಕದ್ದು ಕೇಳುವ ಅಪ್ಪಣೆಗೆ ನ್ಯಾಯಾಧೀಶನ ರುಜು ಇದೆಯೇ? ಕೇಳಿಸಿಕೊಂಡವನಿಗೆ ಕೊನೆಗಾದರೂ ತಿಳಿಸುತ್ತಾರೆಯೇ? ಎಷ್ಟು ಜನರ ಮೇಲೆ, ಯಾವ ಜಿಲ್ಲೆಯಲ್ಲಿ, ಯಾವ ಸಮುದಾಯದ ಮೇಲೆ ಕಣ್ಣಿಟ್ಟರೆಂಬ ಲೆಕ್ಕ ಶಾಸನಸಭೆಯ ಮುಂದೆ ಬರುತ್ತದೆಯೇ? ಸುಳ್ಳು ಕೇಸು ಹಾಕಿದ ಅಧಿಕಾರಿಗೆ ಶಿಕ್ಷೆ ಇದೆಯೇ? ಕಾಯ್ದೆ ಸಾಯುವ ದಿನಾಂಕ ಅದರಲ್ಲೇ ಇದೆಯೇ? ಒಂದಕ್ಕಾದರೂ ಇಲ್ಲ ಎಂಬ ಉತ್ತರ ಬಂದರೆ ಆ ಮಸೂದೆ ನಮಗೆ ಬೇಡ. ಮೂಲಭೂತ ಹಕ್ಕಿಗಾಗಿ ನೇರ ಸುಪ್ರೀಂ ಕೋರ್ಟಿಗೆ ಹೋಗುವ 32ನೇ ವಿಧಿಯನ್ನು ಅಂಬೇಡ್ಕರರು ಸಂವಿಧಾನದ ಆತ್ಮ ಎಂದರು. ತನ್ನ ಮೇಲೆ ಕಣ್ಣಿಟ್ಟಿದ್ದಾರೆಂದೇ ಗೊತ್ತಿಲ್ಲದವನು ಯಾವ ಕೋರ್ಟಿಗೆ ಹೋಗುತ್ತಾನೆ?

1973ರಲ್ಲಿ ಬಸವಲಿಂಗಪ್ಪನವರು ಬೂಸಾ ಎಂದಾಗ ಕನ್ನಡ ಸಾಹಿತ್ಯಲೋಕ ಉರಿದುಬಿತ್ತು. ಸೋಲಿಗರು ಮೈಸೂರು ಜೈಲಿನಲ್ಲಿ ಕೂತಿದ್ದಾಗ ಆ ಉರಿಯ ಒಂದು ಕಿಡಿಯಷ್ಟಾದರೂ ಕಂಡಿತೇ? ನಮ್ಮ ಗೋಷ್ಠಿಗಳಲ್ಲಿ ಅಂತರಂಗದ ಕಣ್ಣಿನ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ಠಾಣೆಯ ಕಣ್ಣಿನ ಬಗ್ಗೆ ಇನ್ನಾದರೂ ಆಗಲಿ. ಗೆಳೆಯರೇ, ಮಸೂದೆ ಪ್ರಕಟವಾದ ದಿನವೇ ತರಿಸಿ. ಇಂಗ್ಲಿಷಿನಲ್ಲಿದ್ದರೆ ಕನ್ನಡಕ್ಕೆ ತನ್ನಿ. ಸಂಜೆ ಕೂಲಿಯಿಂದ ಜನ ಬಂದ ಮೇಲೆ ಕೇರಿಯ ಕಟ್ಟೆಯ ಮೇಲೆ ಕೂತು ಒಂದೊಂದೇ ಕಲಮು ಗಟ್ಟಿಯಾಗಿ ಓದಿ, ಇದರಲ್ಲಿ ಯಾರ ಹೆಸರಿದೆ ಅಂತ ಅವರನ್ನೇ ಕೇಳಿ. ಹೆಸರು ಬರೆಯದಿದ್ದರೂ ತಮ್ಮ ಹೆಸರು ಎಲ್ಲಿದೆ ಎಂದು ಅವರು ಬೆರಳಿಟ್ಟು ತೋರಿಸುತ್ತಾರೆ.